ಒಂದರಿಂದ ಐದರೊಳಗೆ

ಏಪ್ರಿಲ್ ಎರಡನೇ ಭಾನುವಾರ. ಶರಾವತಿ ಹಿನ್ನೀರು
ಹೋದ ವಾರಕ್ಕಿಂತ ಹನ್ನೆರಡು ಹೆಜ್ಜೆ ಹಿಂದೆ ಸರಿದಿದೆ.
ದಿನಕ್ಕೆ ನಾನೂರು ರೂಪಾಯಿ, ಮಧ್ಯಾಹ್ನ ಚಿತ್ರಾನ್ನ,
ನಲವತ್ತು ಫಾರಂ, ದಾರ ಕಟ್ಟಿದ ಒಂದು ಪೆನ್ನು.
ದಂಡೆಗೆ ಬಂದವರನ್ನು ತಡೆದು ಕೇಳಬೇಕು ನಾನು:
ಸ್ವಚ್ಛತೆ ಹೇಗಿದೆ? ಭದ್ರತೆ? ಶೌಚಾಲಯ? ನಿರ್ವಹಣೆ?
ಒಂದು ಅಂದರೆ ತೀರಾ ಕಳಪೆ, ಐದು ಅಂದರೆ ಬಹಳ ಚೆನ್ನ.

ಹಾವೇರಿ ಕಡೆಯ ಟೆಂಪೋದವರು ಹೇಳಿದರು:
ಮರಳೇ ಇಲ್ವಲ್ರೀ, ಮರಳಿಲ್ಲದ್ದು ಅದೆಂಥ ಬೀಚು?
ಕೆಂಪು ಕೆಸರು ಮೆತ್ತಿದ ಮಗುವಿನ ಕಾಲೆತ್ತಿ ತೋರಿಸಿದರು
ಸಾಕ್ಷಿಗೆ. ಎರಡು ಅಂತ ಬರಕೊಳ್ರಿ.
ಮಗು ಕೈ ಕೊಸರಿಕೊಂಡು ಓಡಿತು,
ಇನ್ನೊಂದು ಕಾಲನ್ನೂ ಅದ್ದಿಕೊಂಡು ಬಂತು.

ಹೊಸದಾಗಿ ಮದುವೆಯಾದವರು ಫಾರಂ ನೋಡಲೇ ಇಲ್ಲ.
ಎಲ್ಲಕ್ಕೂ ಐದು. ಕಪ್ಪುಗಟ್ಟಿದ ಮರದ ಬೊಡ್ಡೆಗಳಿಗೂ,
ತಲೆ ಮೇಲೆ ಕೂಗಿ ಹೋದ ಟಿಟ್ಟಿಭಕ್ಕೂ,
ಬೀಗ ಹಾಕಿದ ಶೌಚಾಲಯಕ್ಕೂ.
ಬೀಗದ ಕೈ ಸಾಗರದಲ್ಲಿ, ಗುತ್ತಿಗೆದಾರನ ಮನೆಯಲ್ಲಿ,
ಗುತ್ತಿಗೆದಾರ ಧರ್ಮಸ್ಥಳದಲ್ಲಿ.

ಎಚ್ಚರಿಕೆಯ ಬೋರ್ಡಿದೆ. ಇಲಾಖೆ ನೆಟ್ಟದ್ದು ಮಳೆಗಾಲ ಮುಗಿದ ಮೇಲೆ,
ಅವತ್ತಿನ ನೀರಿನ ಅಂಚಿಗೆ. ಈಗ ನೀರು ಎಲ್ಲೋ, ಬೋರ್ಡು ಎಲ್ಲೋ,
ನಡುವೆ ಬಿರುಕು ಬಿಟ್ಟ ನೆಲದಲ್ಲಿ ಬುತ್ತಿ ಬಿಚ್ಚಿದ್ದಾರೆ ಜನ.
ಬಣ್ಣ ಎದ್ದು 'ನೀರಿಗೆ ಇಳಿಯ' ಹೋಗಿ
ಕೊನೆಯ ಎರಡಕ್ಷರ ಉಳಿದಿದೆ: ಬೇಡಿ.
ಆನವಟ್ಟಿಯ ಹುಡುಗಿಯೊಬ್ಬಳು ಕೂಡಿಸಿ ಓದಿ ಕೇಳಿದಳು,
ಇಲ್ಲಿ ಏನು ಬೇಡ್ಕೋಬೇಕಕ್ಕ?

ಕಸ ಆಯುವ ಗುತ್ಯಮ್ಮ ನಗುತ್ತಾಳೆ:
ನೀ ಕೇಳದು ಬಾಯಿನ ಮಾತು ತಂಗಿ,
ನಂಗೆ ಅವರು ಬಿಟ್ಟು ಹೋದದ್ದೇ ಉತ್ತರ.
ಕಡ್ಲೆಕಾಯಿ ಸಿಪ್ಪೆ ಕವರಿಗೆ ಕಟ್ಟಿಟ್ಟು ಹೋದ್ರಲ್ಲ ಮುದುಕರು,
ಅವರಿಗೆ ನಾಕು.
ಬಾಟ್ಲಿ ಒಡದು ನೀರಿಗೆಸದು, ಸ್ವಚ್ಛತೆ ಸಾಲದು ಅಂತ
ನಿನ್ ಕೈಲಿ ಬರಸಿದ ಆ ಬಿಳಿ ಕಾರಿನೋರಿಗೆ...
ಒಂದೊಂದೇ ಬೆರಳು ಮಡಚಿದಳು, ಮಡಚಿದಳು,
ಮುಷ್ಟಿಯಾಯಿತು.
ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಾಳೆ.
ಅದಕ್ಕೆ ನನ್ನ ಫಾರಂನಲ್ಲಿ ಕಾಲಂ ಇಲ್ಲ.

ಮೂರು ಗಂಟೆಗೆ ಸ್ಕೂಟರಿನಲ್ಲಿ ಒಬ್ಬರೇ ಬಂದರು,
ಶಿರಾಳಕೊಪ್ಪದ ಮಕ್ಬೂಲ್ ಸಾಹೇಬರು.
ಬುತ್ತಿ ಇಲ್ಲ, ಟವೆಲ್ ಇಲ್ಲ, ಫೋಟೋ ತೆಗೆಯಲಿಲ್ಲ.
ಎಷ್ಟನೇ ಸಲ?
ಆರನೇದು. ವರ್ಷಕ್ಕೊಮ್ಮೆ, ಇದೇ ತಾರೀಕು.
ಭೇಟಿಯ ಉದ್ದೇಶ? ವಿಹಾರ, ಈಜು, ದೋಣಿ, ಇತರೆ.
ಇತರೆ, ಅಂದರು.
ಭದ್ರತೆಗೆ ಎಷ್ಟು ಕೊಡುತ್ತೀರಿ ಅಂದೆ, ತಲೆ ಎತ್ತದೆ.
ಅವರು ಹಾಳೆ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.
ಸೊನ್ನೆ ಇಡಲಿಲ್ವಾ ಇದರಲ್ಲಿ?

ನಾನು ಸರ್ವೆ ಮಾಡುವ ಹುಡುಗಿ. ಸೊನ್ನೆ ನನ್ನ ಕೈಯಲ್ಲಿಲ್ಲ.
ಕೊನೆಗೆ ಅವರೇ, ನನಗೆ ತೊಂದರೆಯಾಗಬಾರದೆಂದು,
ಒಂದಕ್ಕೆ ಸುತ್ತು ಹಾಕಿದರು,
ಸಿಕ್ಕಾಗಿದ್ದ ಪೆನ್ನಿನ ದಾರ ಬಿಡಿಸಿ ಕೊಟ್ಟರು.
ಸಲಹೆಗಳೇನಾದರೂ ಇದ್ದರೆ ಎಂಬಲ್ಲಿ ದುಂಡಗಿನ ಅಕ್ಷರ:
ಬೋರ್ಡಿಗೆ ಚಕ್ರ ಇರಲಿ,
ನೀರಿನ ಹಿಂದೆಯೇ ಹೋಗುವ ಹಾಗೆ.

ಐದಕ್ಕೆ ಜೀಪು ಬಂತು. ಮೂವತ್ತೆಂಟಾಗಿತ್ತು.
ಉಳಿದೆರಡು ನೀನೇ ತುಂಬಿಬಿಡು, ಅಂದರು ಮೇಲಿನವರು,
ಮೂರು ಮೂರು ಹಾಕು, ಮೂರಕ್ಕೆ ಯಾರೂ ಪ್ರಶ್ನೆ ಕೇಳಲ್ಲ.
ಒಂದನ್ನು ಹಾಗೇ ತುಂಬಿದೆ. ಸುಳ್ಳು ಯಾಕೆ ಹೇಳಲಿ.
ಇನ್ನೊಂದಕ್ಕೆ ಗುತ್ಯಮ್ಮನ ಹೆಸರು ಬರೆದೆ.
ಎಷ್ಟು ದೂರದಿಂದ ಬಂದಿರಿ?
ದಿಬ್ಬದ ಮೇಲಿನ ತಗಡಿನ ಶೆಡ್ಡು ತೋರಿಸಿದಳು.
ಮತ್ತೆ ಭೇಟಿ ಕೊಡುತ್ತೀರಾ?
ಕೊಡದೆ? ಅಂದಳು, ಗೋಣಿಚೀಲದ ಬಾಯಿ ಕಟ್ಟುತ್ತ,
ನಾಳೆ ಸೋಮಾರ.
ಭಾನುವಾರದ್ದೆಲ್ಲ ಬಿದ್ದಿರ್ತದಲ್ಲ.